ಮೂವತ್ತು ಎಡಗೈ ಸೈನಿಕರು

ನಮ್ಮ ಕಾಕಾ ನನ್ನ ಮುಖ ನೋಡದೆಯೇ ಇಪ್ಪತ್ತು ವರ್ಷವಾದರೂ ಕಳೆದಿದ್ದಾನೆ! ಜಗಳವಾಗಿದೆ ಅಂದುಕೊಳ್ಳಬೇಡಿ. ವಾರಕ್ಕೊಮ್ಮೆ ಸಿಗುತ್ತೇವೆ, ಒಂದೇ ತಟ್ಟೆಯಲ್ಲಿ ಶೇಂಗಾ ತಿನ್ನುತ್ತೇವೆ. ಆದರೆ ಅವನ ಕಣ್ಣು ಮನುಷ್ಯರ ಸೊಂಟದಿಂದ ಮೇಲೆ ಏರುವುದೇ ಇಲ್ಲ. ಅಪ್ಪನ ತಮ್ಮನಾದ ಈ ಕಾಕಾ ಬೆಳಗಾವಿ ಕಡೆಯಿಂದ ಬಂದು ಧಾರಾವಿಯ ಒಂದೇ ಕೋಣೆಯ ಖೋಲಿಯಲ್ಲಿ ನಲವತ್ತು ವರ್ಷ ಚರ್ಮ ಹೊಲಿದವನು. ಜನರನ್ನು ಗುರುತಿಸುವುದು ಚಪ್ಪಲಿಯಿಂದ, ಬೆಲ್ಟಿನಿಂದ. ನಾನು ಹೊಸ ಬೂಟು ಹಾಕಿಕೊಂಡು ಹೋದ ದಿನ, "ಬರ್ರೀ, ಯಾರು ಬೇಕಾಗಿತ್ರಿ?" ಎಂದು ನನ್ನನ್ನೇ ಕೇಳಿದ!

ನನಗೆ ಹೆಣ್ಣು ನೋಡಲು ಹೋದಾಗಲೂ ಅಷ್ಟೇ. ಎಲ್ಲರೂ ಒಳಗೆ ಹೋಗಿ ಉಪ್ಪಿಟ್ಟು ತಿನ್ನುತ್ತಿದ್ದರೆ ಇವನು ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಅಲ್ಲಿದ್ದ ಚಪ್ಪಲಿಯೊಂದನ್ನು ಮಗುಚಿ ನೋಡುತ್ತಿದ್ದ. "ಹಿಮ್ಮಡ ಸಮಾ ಸವದೈತಿ. ಹುಡುಗಿ ನೆಟ್ಟಗ ನಡೀತಾಳ. ಹೂಂ ಅಂದುಬಿಡ," ಎಂದು ಅಲ್ಲಿಂದಲೇ ಕೂಗಿದ. ನಾನು ಹೂಂ ಅಂದುಬಿಟ್ಟೆ. ಆ ಚಪ್ಪಲಿ ನನ್ನ ಅತ್ತೆಯದು ಎಂದು ಆಮೇಲೆ ತಿಳಿಯಿತು! ಅಥವಾ ಇದು ನನ್ನ ಹೆಂಡತಿ ಆಮೇಲೆ ಕಟ್ಟಿದ ಕತೆಯೋ? ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ.

ಆದರೆ ಒಂದು ನೆನಪು ಮಾತ್ರ ಎಷ್ಟು ಅಲುಗಿಸಿದರೂ ಅಲುಗುವುದಿಲ್ಲ. ನಾನು ಕಾಲೇಜಿನಲ್ಲಿದ್ದಾಗ ಒಂದು ದಿನ ಕಾಕಾ ನನ್ನ ಕಿತ್ತುಹೋದ ಚಪ್ಪಲಿಯನ್ನು ಹೊಲಿದು, ಪೇಪರಿನಲ್ಲಿ ಸುತ್ತಿ, ಗೇಟಿನ ತನಕ ತಂದುಕೊಟ್ಟ. ಪಕ್ಕದಲ್ಲಿದ್ದ ಗೆಳೆಯ "ಯಾರು?" ಎಂದ. "ನಮ್ಮ ಬಿಲ್ಡಿಂಗಿನವರು," ಎಂದೆ. ಆಗ ನಾವಿದ್ದದ್ದು ಭಾಂಡುಪ್‌ನ ಚಾಳಿನಲ್ಲಿ. ನಮಗೊಂದು ಬಿಲ್ಡಿಂಗೇ ಇರಲಿಲ್ಲ! ಕಾಕಾ ಎರಡು ಮಾರು ದೂರದಲ್ಲಿ ನಿಂತು ನನ್ನ ಪಾದ ನೋಡುತ್ತಿದ್ದ. ಕೇಳಿಸಿತೋ ಇಲ್ಲವೋ? ತಲೆ ಎತ್ತುವ ಮನುಷ್ಯನಾಗಿದ್ದರೆ ಮುಖ ನೋಡಿ ತಿಳಿಯಬಹುದಿತ್ತು. ಅವತ್ತಿನ ದಿನಚರಿ ತೆಗೆದು ನೋಡಿದರೆ "ಬಿಸಿಲು ಬಹಳ" ಎಂದಷ್ಟೇ ಇದೆ. ದಿನಚರಿ ಬರೆಯುವವರನ್ನು ನೀವೂ ಹೆಚ್ಚು ನಂಬಬೇಡಿ.

ಹೋದ ವರ್ಷ ನನ್ನ ಜೊತೆ ಕಾಲೇಜಿನಲ್ಲಿ ಪಾಠ ಮಾಡುವ ಮೇಡಂ ಒಬ್ಬರು ಮಲಾಡ್‌ನ ಮೈದಾನವೊಂದರಲ್ಲಿ ರೆನೈಸಾನ್ಸ್ ಫೇರ್ ಮಾಡಲು ಹೊರಟರು. ಹಳೆಯ ಯುರೋಪಿನ ರಾಜ, ರಾಣಿ, ಸೈನಿಕರ ವೇಷ ಹಾಕಿಕೊಂಡು ಒಂದು ದಿನ ಕಳೆಯುವ ಜಾತ್ರೆಯಂತೆ. ಕತ್ತಿ ನೇತುಹಾಕುವ ಮೂವತ್ತು ಬೆಲ್ಟುಗಳನ್ನು ಧಾರಾವಿಯಲ್ಲಿ ಹೊಲಿಸಿದ್ದೇವೆ ಎಂದರು. ಆ ವಾರವೇ ಕಾಕಾ, "ಮೂವತ್ತು ಬೆಲ್ಟ್ ಹೊಲದೆ, ಕತ್ತಿ ಹಾಕೋವು. ಯಾರ ಮ್ಯಾಲೆ ಯುದ್ಧಕ್ಕ ಹೊಂಟಾರೋ ಏನೋ!" ಎಂದಿದ್ದ. ಎರಡೂ ಒಂದೇ ಎಂದು ನನಗೆ ತಿಳಿಯಿತು. ಆದರೆ ಮೇಡಂಗೆ, "ಹೊಲಿದವನು ನಮ್ಮ ಕಾಕಾ" ಎಂದು ಹೇಳಲಿಲ್ಲ. ಯಾಕೆ? "ಸಂದರ್ಭ ಒದಗಲಿಲ್ಲ" ಎಂದು ದಿನಚರಿಯಲ್ಲಿ ಬರೆದುಕೊಂಡೆ. ಬರೆದ ಮೇಲೆ ನನಗೇ ನಗು ಬಂತು. ಒಳ್ಳೆಯ ನಗುವಲ್ಲ.

ಜಾತ್ರೆಯ ದಿನ ಕಾಕಾನನ್ನು ಕರೆದುಕೊಂಡು ಹೋದೆ. ಗೇಟಿನಲ್ಲೇ ತಡೆದರು. ಕಾಕಾನ ಜೇಬಿನಲ್ಲಿ ಯಾವಾಗಲೂ ಇರುವ ದಾರದುಂಡೆಯ ಜೊತೆ, ಚರ್ಮಕ್ಕೆ ತೂತು ಹಾಕುವ ಆರಿ ಸಿಕ್ಕಿತ್ತು!

"ಕಾಕಾ, ಯೇ ಹಥಿಯಾರ್ ಹೈ. ಅಂದರ್ ನಹೀ ಜಾಯೇಗಾ," ಎಂದು ಆರಿಯನ್ನೂ ಆಯುಧವೆಂದು ತಡೆದ ವಾಚ್‌ಮನ್.

ಅಷ್ಟರಲ್ಲಿ ಕತ್ತಿ, ಈಟಿ, ಕೊಡಲಿ ಹಿಡಿದ ಆರು ಜನ ನಮ್ಮನ್ನು ದಾಟಿ ಒಳಗೆ ಹೋದರು.

"ಔರ್ ವೋ ಲೋಗ್ ಕ್ಯಾ ಫೂಲ್ ಲೇಕೇ ಗಯೇ?" ಎಂದ ಕಾಕಾ, ಅವರೇನು ಹೂ ಹಿಡಿದು ಹೋದರೇ ಎಂಬಂತೆ.

ವಾಚ್‌ಮನ್ ಮತ್ತೆ ಅಡ್ಡ ನಿಂತಾಗ ಕಾಕಾನ ಕಣ್ಣು ಆತನ ಬೂಟಿಗೆ ಬಿತ್ತು. ಅಡಿ ಬಾಯಿ ಬಿಟ್ಟಿತ್ತು. ಅಲ್ಲೇ ಕೂರಿಸಿ, ನಾಲ್ಕು ಹೊಲಿಗೆ ಹಾಕಿ, ಆರಿಯನ್ನು ಜೇಬಿಗಿಳಿಸಿಕೊಂಡು ಒಳಗೆ ನಡೆದ. ವಾಚ್‌ಮನ್ ಸಲಾಮು ಹೊಡೆದ!

ಒಳಗಿನ ವೈಭವ ಏನು ಹೇಳಲಿ? ಉಣ್ಣೆಯ ನಿಲುವಂಗಿಯಲ್ಲಿ ರಾಜ ಬೆವರಿ ಕರಗುತ್ತಿದ್ದ. ರಾಣಿ ವಡಾಪಾವ್ ತಿನ್ನುತ್ತಾ ಫೋನಿನಲ್ಲಿ ಅಮ್ಮನಿಗೆ, "ಹೋ ಆಯೀ, ಟೋಪಿ ಘಾತಲೀ ಆಹೇ," ಎಂದು ತಲೆಗೆ ಟೋಪಿ ಇದೆಯೆಂದು ಸಮಾಧಾನ ಹೇಳುತ್ತಿದ್ದಳು. ಕಾಕಾ ಇದ್ಯಾವುದನ್ನೂ ನೋಡಲಿಲ್ಲ. ಸೈನಿಕರ ಸೊಂಟ ನೋಡುತ್ತಾ ಹೊರಟ. ಒಬ್ಬನನ್ನು ಬೆಲ್ಟು ಹಿಡಿದು ನಿಲ್ಲಿಸಿ ನನ್ನ ಕಡೆ ತಿರುಗಿ, "ನೋಡ, ನಂದಽ ಇದು! ಎರಡೆಳಿ ಹೊಲಿಗಿ!" ಎಂದ. ಆ ಧ್ವನಿ ನಾನು ಹಿಂದೆಂದೂ ಕೇಳಿರಲಿಲ್ಲ.

ಮೂರು ಗಂಟೆಗೆ ಯುದ್ಧ. ರಾಜ ಕೈ ಎತ್ತಿ "ಕತ್ತಿ ಹಿರಿಯಿರಿ!" ಎಂದು ಇಂಗ್ಲಿಷಿನಲ್ಲಿ ಗರ್ಜಿಸಿದ. ಮೂವತ್ತು ಬಲಗೈಗಳು ಎಡಸೊಂಟಕ್ಕೆ ಹೋದವು. ಅಲ್ಲಿ ಕತ್ತಿ ಇಲ್ಲ! ಎಲ್ಲರ ಕತ್ತಿಯೂ ಬಲಸೊಂಟದಲ್ಲಿ. ಬಲಗೈಯಿಂದ ಬಲಬದಿಯ ಉದ್ದ ಕತ್ತಿ ಎಳೆಯಲು ಹೋಗಿ ಮೂವತ್ತು ವೀರರೂ ತಮ್ಮ ಬಾಲ ಹಿಡಿಯ ಹೊರಟ ನಾಯಿಗಳಂತೆ ಗರಗರ ಸುತ್ತಿದರು. ಒಬ್ಬ ರಾಜನ ಮೇಲೇ ಬಿದ್ದ. ಜನ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ.

ಕಾಕಾ ನಗಲಿಲ್ಲ. ತನ್ನ ಎಡಗೈಯನ್ನು ನೋಡಿಕೊಂಡ. ಆಗ ನನಗೆ ಹೊಳೆಯಿತು. ಕಾಕಾ ಎಡಚ! ಕತ್ತಿ ಹಾಕುವ ಬಾರು ಯಾವ ಬದಿಗಿರಬೇಕು ಎಂದು ತನ್ನ ಸೊಂಟಕ್ಕೇ ಕಟ್ಟಿ ನೋಡಿ ಹೊಲಿದಿದ್ದಾನೆ. ಮೂವತ್ತನ್ನೂ!

"ನಡಿ ಕಾಕಾ, ಹೋಗೋಣ," ಎಂದೆ. "ನೀನು ಮಾಡಿದ್ದು ಅಂತ ಯಾರಿಗೂ ಗೊತ್ತಿಲ್ಲ."

"ಗೊತ್ತಿಲ್ಲಂದ್ರ ತಪ್ಪು ನಂದಲ್ಲೇನು?" ಎಂದು ಸೀದಾ ವೇದಿಕೆಯ ಹಿಂದೆ ನಡೆದ. ಅಲ್ಲಿ ನೆಲದ ಮೇಲೆ ಪೇಪರು ಹಾಸಿ, "ಬೆಲ್ಟ್ ನಿಕಾಲೋ ಸಬ್ ಲೋಗ್!" ಎಂದ. ಸೇನಾಪತಿಯ ಆಜ್ಞೆಯನ್ನೂ ಅಷ್ಟು ಬೇಗ ಪಾಲಿಸದ ಸೈನ್ಯ ಬೆಲ್ಟು ಬಿಚ್ಚಿ ಗುಡ್ಡೆ ಹಾಕಿತು. ಐದು ಗಂಟೆಗೆ ಎರಡನೆಯ ಯುದ್ಧವಿತ್ತು. ಬಲಬದಿಯ ಬಾರು ಬಿಚ್ಚಿ ಎಡಬದಿಗೆ ಹೊಲಿಯುವುದು, ಮೂವತ್ತು ಸಲ! ಆರಿ ಏಳುತ್ತಿತ್ತು, ಇಳಿಯುತ್ತಿತ್ತು. ನಾನು ಕೈಕಟ್ಟಿ ಪಕ್ಕದಲ್ಲಿ ನಿಂತಿದ್ದೆ, ನೋಡುವವರಿಗೆ ಸಂಬಂಧವಿದೆಯೋ ಇಲ್ಲವೋ ತಿಳಿಯದಷ್ಟು ದೂರದಲ್ಲಿ. ಅಷ್ಟು ದೂರ ನಿಂತದ್ದು ಬೇಕೆಂದೇ? ಇರಬೇಕು.

ಉದ್ದ ಗೌನು ಎತ್ತಿಕೊಂಡು ಮೇಡಂ ಓಡಿಬಂದರು. ಹಿಂದೆ ಕಾಲೇಜಿನ ಇನ್ನಿಬ್ಬರು. "ಸರ್, ಯೇ ಕೌನ್ ಹೈ?" ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಮುಂದುವರಿಸಿದರು: "ಆಪ್‌ಕೀ ಬಿಲ್ಡಿಂಗ್ ಕೇ ಹೈ ಕ್ಯಾ?"

ನೋಡಿ! ಇಪ್ಪತ್ತು ವರ್ಷದ ಹಿಂದಿನ ಉತ್ತರವನ್ನು ಯಾರೋ ತಟ್ಟೆಯಲ್ಲಿಟ್ಟು ತಂದಂತಿತ್ತು. ಹೂಂ ಎಂದರೆ ಸಾಕಿತ್ತು.

"ನಮ್ಮ ಕಾಕಾ," ಎಂದೆ. ನನ್ನ ದನಿ ಬೇಕಾದ್ದಕ್ಕಿಂತ ದೊಡ್ಡದಾಗಿತ್ತು. "ಸಗಾ ಕಾಕಾ, ಅಪ್ಪನ ಸ್ವಂತ ತಮ್ಮ. ಬೆಲ್ಟ್ ಹೊಲಿದವರೂ ಇವರೇ. ನನ್ನ ಚಪ್ಪಲಿ ಹೊಲಿದು ಕಾಲೇಜಿಗೆ ತಂದುಕೊಟ್ಟವರೂ ಇವರೇ."

ಆರಿ ನಿಂತಿತು. ಕಾಕಾ ತಲೆ ಎತ್ತಿದ. ನನ್ನ ಬೂಟು, ಮೊಣಕಾಲು, ಬೆಲ್ಟು ದಾಟಿ ಅವನ ಕಣ್ಣು ನಿಧಾನವಾಗಿ ಮೇಲೆ ಬಂದು ನನ್ನ ಮುಖದ ಮೇಲೆ ನಿಂತಿತು.

"ಗಡ್ಡ ಇಷ್ಟು ಬೆಳ್ಳಗ ಯಾವಾಗ ಆತೋ?" ಎಂದ.

ಆಮೇಲೆ ಮತ್ತೆ ತಲೆ ತಗ್ಗಿಸಿ, ಬೆಲ್ಟಿಗೆ ಹೇಳುವಂತೆ ಮೆಲ್ಲಗೆ ಅಂದ: "ಅಂತೂ ಬಿಲ್ಡಿಂಗ್ ಬಿಟ್ಟು ಮನೀಗಿ ಬಂದಿ."

ಕೇಳಿಸಿತ್ತು. ಅವತ್ತೇ ಕೇಳಿಸಿತ್ತು.

ನಾನು ಪೇಪರಿನ ಮೇಲೆ ಅವನ ಪಕ್ಕ ಕೂತೆ. ಇನ್ನೂ ಹನ್ನೊಂದು ಬೆಲ್ಟುಗಳಿದ್ದವು. ಅವನು ದಾರದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, "ಬಿಗಿ ಹಿಡಿ," ಎಂದ.