ಹತ್ತು ರೂಪಾಯಿಯ ನಿದ್ದೆ

ದಂಡ ಕಟ್ಟಿದ ಮನುಷ್ಯನಿಗೆ ಬರುವಂಥ ನಿದ್ದೆ ತಪ್ಪೇ ಮಾಡದವನಿಗೂ ಬರುವುದಿಲ್ಲ. ಇದು ನನ್ನ ಅನುಭವದ ಮಾತು. ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ತಿಕೋಟಾದ ಮನೆಯಲ್ಲಿ ಮಧ್ಯಾಹ್ನ ರೊಟ್ಟಿ ಉಂಡು, ಫೋನಿನ ಬಾಯಿ ಮುಚ್ಚಿ ಮಲಗುವುದು ನನ್ನ ಪದ್ಧತಿ. ವಿಜಯಪುರದ ಗಾಂಧಿ ಚೌಕಕ್ಕೆ ಹೋಗಿದ್ದ ಹೆಂಡತಿ ಒಮ್ಮೆ ಬಸ್ಸು ತಪ್ಪಿ ಎಂಟು ಸಲ ಫೋನ್ ಹಚ್ಚಿದಳು. ಅವತ್ತೇ ಮನೆಯಲ್ಲಿ ಕಾನೂನು ಬಂತು: ಫೋನ್ ಸೈಲೆಂಟ್ ಇಟ್ಟರೆ ಚಹಾಪುಡಿಯ ಹಳೇ ಡಬ್ಬಿಗೆ ಹತ್ತು ರೂಪಾಯಿ ದಂಡ. ಎರಡು ದಿನ ಹೆದರಿದೆ. ಆಮೇಲೆ ಉಂಡ ಕೂಡಲೇ ನೋಟು ಡಬ್ಬಿಗೆ ಹಾಕಿ ಧರ್ಮಾತ್ಮನಂತೆ ಗೊರಕೆ ಹೊಡೆಯತೊಡಗಿದೆ.

ಹೋದ ತಿಂಗಳು ಗೆಳೆಯ ಮೆಹಬೂಬ ಚಾಚಾ ಊರ ಹೊರಗಿನ ಶೆಡ್ಡಿನಲ್ಲಿ ದ್ರಾಕ್ಷಿ ಒಣಹಾಕುತ್ತಿದ್ದವರು ಎದೆ ಹಿಡಿದುಕೊಂಡು ಕುಸಿದರು. ಮಗಳು ಶಬಾನಾ ಎಷ್ಟು ಸಲ ಒತ್ತಿದರೂ ಆಂಬುಲೆನ್ಸಿನ ನಂಬರು ಹತ್ತಲಿಲ್ಲ. ಫೋನ್ ಕಂಪನಿಯ ಯಾವುದೋ ಯಂತ್ರ ಕೆಟ್ಟು ತುರ್ತು ಕರೆಗಳಷ್ಟೇ ಬಂದ್ ಆಗಿದ್ದವಂತೆ. ಕಡೆಗೆ ದ್ರಾಕ್ಷಿ ಒಯ್ಯುವ ಟೆಂಪೋದಲ್ಲಿ ವಿಜಯಪುರ ಮುಟ್ಟಿಸಿದರು. ಪುಣ್ಯ, ಜೀವ ಉಳಿಯಿತು.

ನನಗೆ ಸಿಟ್ಟು ನೆತ್ತಿಗೇರಿತು. ಕಂಪನಿಗೆ ದೊಡ್ಡ ದಂಡ ಹಾಕಬೇಕೆಂದು ಸರ್ಕಾರಕ್ಕೆ ಎರಡು ಪುಟದ ಅರ್ಜಿ ಬರೆದು, ಸಹಿಗಾಗಿ ಚಾಚಾನ ಮನೆಗೆ ಹೋದೆ.

"ದಂಡ ಹಾಕಿದ್ರ ಮುಂದ ಫೋನ್ ಹತ್ತತೈತೇನ್ರಿ ಮಾಸ್ತರ್ರ?" ಎಂದರು ಚಾಚಾ.

"ಯಾಕ ಹತ್ತಂಗಿಲ್ಲ? ರೊಕ್ಕ ಬಿಚ್ಚಿದ್ರ ಬುದ್ಧಿ ಬರ್ತೈತಿ!"

ಚಹಾ ತಂದ ಶಬಾನಾ ಮೆಲ್ಲಗೆ ಅಂದಳು: "ಕಾಕಾ, ಅವತ್ತ ನಿಮ್ಮ ಕಾರ್ ಐತೆಲ್ಲಾ ಅಂತ ನಿಮಗೂ ಐದ ಸಲ ಹಚ್ಚಿದ್ನಿರಿ. ರಿಂಗ್ ಆತು, ನೀವು ಎತ್ತಲಿಲ್ಲ."

ಆ ಐದು ಕರೆಗಳನ್ನು ನಾನು ಎದ್ದ ಮೇಲೆ ನೋಡಿದ್ದೆ. ಕಾರು ತಗೊಂಡು ಆಸ್ಪತ್ರೆಗೆ ಓಡಿದ್ದೆ. ಆದರೆ ಆ ಕರೆಗಳ ಮಾತನ್ನು ಯಾರ ಮುಂದೂ ಆಡಿರಲಿಲ್ಲ. ಅರ್ಜಿಯನ್ನು ಅಷ್ಟು ಜೋರಾಗಿ ಬರೆದದ್ದೂ ಅದಕ್ಕೇ ಇರಬೇಕು. ನಾಚಿಕೆಯಿಂದ ಡಬ್ಬಿಯ ಕಥೆಯನ್ನೆಲ್ಲ ಹೇಳಿಬಿಟ್ಟೆ.

ಚಾಚಾ ನಕ್ಕರು, ಸಹಿಯನ್ನೂ ಮಾಡಿದರು. "ಆದ್ರ ಇದೊಂದು ಬರೀರಿ. ದಂಡ ತಗೊಂಡು ಸುಮ್ಮ ಕೂಡಬ್ಯಾಡ್ರಿ, ದಿನಾ ಯಾರರ ಆ ಆಂಬುಲೆನ್ಸ್ ನಂಬರ್ ಹಚ್ಚಿ ನೋಡ್ರಿ ಅಂತ. ನಿಮಗ ಮಾತ್ರ ನಾನ ಹಚ್ಚತೇನಿ, ದಿನಾ ಎರಡೂವರಿಗೆ."

ಅರ್ಜಿಗೆ ಇನ್ನೂ ಉತ್ತರವಿಲ್ಲ. ಕಂಪನಿಯವರೂ ತಮ್ಮ ಡಬ್ಬಿಗೆ ದಂಡ ಹಾಕಿ ಮಲಗಿದ್ದಾರೋ ಏನೋ. ನನ್ನ ಫೋನ್ ಮಾತ್ರ ಸರಿಯಾಗಿ ಎರಡೂವರೆಗೆ ಹೊಡೆದುಕೊಳ್ಳುತ್ತದೆ. "ಏನಿಲ್ರಿ, ಹತ್ತತೈತೇನು ನೋಡ್ದೆ" ಎಂದು ಚಾಚಾ ಇಟ್ಟುಬಿಡುತ್ತಾರೆ. ನನ್ನ ನಿದ್ದೆ ಹೋಯಿತು, ಡಬ್ಬಿಗೆ ಮತ್ತೆ ಚಹಾಪುಡಿ ಬಂತು.

ನಿನ್ನೆ ಎರಡೂವರೆ ದಾಟಿದರೂ ಫೋನ್ ಬರಲಿಲ್ಲ. ನಾನೇ ಹಚ್ಚಿದರೆ ಎತ್ತುವವರಿಲ್ಲ. ಕಾರು ತೆಗೆದುಕೊಂಡು ಅವರ ಮನೆಗೆ ಓಡಿದೆ. ಫೋನ್ ಸೈಲೆಂಟ್ ಇಟ್ಟು ಚಾಚಾ ಪಡಸಾಲೆಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಎದೆ ಏರಿಳಿಯುವುದನ್ನು ಎರಡೆರಡು ಸಲ ನೋಡಿಕೊಂಡೆ. ಎಬ್ಬಿಸಿ ಹತ್ತು ರೂಪಾಯಿ ದಂಡ ಕೇಳೋಣವೆನಿಸಿತು. ಕೇಳಲಿಲ್ಲ. ನನ್ನ ಫೋನಿನ ಸದ್ದನ್ನು ಪೂರ್ತಿ ಏರಿಸಿ ತಲೆದೆಸೆಗಿಟ್ಟು, ಅವರ ಪಕ್ಕದಲ್ಲೇ ಅಡ್ಡಾದೆ.