ಮಗ್ಗದ ನಡುವಿನ ವಾಯ್ಸ್ ಮೆಸೇಜು

ಟೈಪ್ ಮಾಡಿದ ಮಾತಿಗೆ ದನಿಯಿಲ್ಲ, ಅಪಾರ್ಥಗಳೆಲ್ಲ ಹುಟ್ಟುವುದೇ ಅಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಆದ್ದರಿಂದ ವಾಟ್ಸಾಪಿನಲ್ಲಿ ನಾನು ವಾಯ್ಸ್ ಮೆಸೇಜನ್ನೇ ಕಳಿಸುವವನು. ಈ ವಿವೇಕಕ್ಕಾಗಿ ನನ್ನನ್ನು ನಾನೇ ಮೆಚ್ಚಿಕೊಂಡಿದ್ದೆ. ಬೇರೆ ಯಾರೂ ಮೆಚ್ಚಿರಲಿಲ್ಲ.

ದೊಡ್ಡಬಳ್ಳಾಪುರದಲ್ಲಿ ನಮ್ಮದು ಆರು ಪವರ್‌ಲೂಮಿನ ಮನೆ. ದೇವನಹಳ್ಳಿಯಲ್ಲಿರುವ ಅಕ್ಕನ ಮಗಳು ಸುಮಾಳ ಮದುವೆ ಹತ್ತಿರ ಬಂದಿತ್ತು. ಧಾರೆ ಸೀರೆ ನಮ್ಮ ಮಗ್ಗದ್ದೇ. ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವನೂ ನಾನೇ. ಅವಳು ತೊಟ್ಟಿಲಲ್ಲಿದ್ದಾಗಿನಿಂದ ನಾನು ಕಾದ ದಿನ ಅದು.

ಒಂದು ಬೆಳಿಗ್ಗೆ ಮನೆಯವರ ಗುಂಪಿನಲ್ಲಿ ಅಕ್ಕನ ಮೆಸೇಜು ಬಂತು. ಸೀರೆ ಒಯ್ಯಲು ಬೀಗರ ಜೊತೆ ಬರಲೇ ಎಂದು ಕೇಳಿದ್ದಳು. ಪಾಪ, ಈ ಬಿಸಿಲಲ್ಲಿ ಬಸ್ಸು ಹತ್ತಿ ಯಾಕೆ ಬರಬೇಕು? ಆರೂ ಮಗ್ಗದ ನಡುವೆ ನಿಂತು ಅತ್ಯಂತ ಪ್ರೀತಿಯಿಂದ ಉತ್ತರಿಸಿದೆ: "ಯಾರೂ ನಮ್ಮನೆಗೆ ಬರೋದ್ ಬೇಡ ಕಣಕ್ಕ. ಸೀರೆ ನಾನೇ ತಂದ್ಕೊಡ್ತೀನಿ!"

ಮಗ್ಗದ ಮನೆಯಲ್ಲಿ ಪ್ರೀತಿಯನ್ನೂ ಕೂಗಿಯೇ ಹೇಳಬೇಕು, ಇಲ್ಲದಿದ್ದರೆ ಎದುರಿಗಿದ್ದವರಿಗೂ ಕೇಳಿಸದು. ಮೂವತ್ತು ವರ್ಷದ ಅಭ್ಯಾಸ. ಕೂಗುತ್ತಿದ್ದೇನೆ ಎಂಬುದೇ ನನಗೆ ಗೊತ್ತಾಗುವುದಿಲ್ಲ.

ಅಕ್ಕ ಅದನ್ನು ಬೀಗರ ಎದುರೇ ಸ್ಪೀಕರಿನಲ್ಲಿ ಹಾಕಿದಳಂತೆ. ಹಿನ್ನೆಲೆಯಲ್ಲಿ ಮಗ್ಗದ ಧಡಧಡ ಸದ್ದು ಕೇಳಿ, ನಾನು ಪಾತ್ರೆ ಎಸೆಯುತ್ತಿದ್ದೇನೆ ಎಂದು ಬೀಗರು ತೀರ್ಮಾನಿಸಿದರಂತೆ.

ಮಧ್ಯಾಹ್ನ ಭಾವನ ಒಂದು ಸಾಲು ಬಂತು. ಇಷ್ಟು ಕೋಪ ಯಾಕೆ ಎಂದು ಕೇಳಿದ್ದರು. ನನಗೆ ಯಾವ ಕೋಪವೂ ಇಲ್ಲ ಎಂದು ತಕ್ಷಣ ವಾಯ್ಸಿನಲ್ಲೇ ಸ್ಪಷ್ಟಪಡಿಸಿದೆ. ಸಾಲದೆಂದು ಎರಡು ಸಲ ಸ್ಪಷ್ಟಪಡಿಸಿದೆ! ಸಂಜೆಗೆ ಅವರ ಉತ್ತರ: ಹುಡುಗಿಯನ್ನು ಕರೆತರಲು ಕುಂದಾಣದ ಚಿಕ್ಕಪ್ಪನ ಮಗನಿಗೆ ಹೇಳಿದ್ದೇವೆ, ನಿಮಗೆ ತೊಂದರೆ ಬೇಡ.

ಫೋನ್ ಹಿಡಿದು ಅಡಿಗೆಮನೆಗೆ ಓಡಿದೆ. ಹೆಂಡತಿ ಗಿರಿಜಾ ಫೋನನ್ನು ಹಿತ್ತಲಿಗೆ ಒಯ್ದು ಎಲ್ಲವನ್ನೂ ಕೇಳಿಸಿಕೊಂಡಳು.

"ರೀ, ಇದನ್ನ ನನಗೆ ಕಳಿಸಿದ್ರೆ ನಾನು ತವರಿಗೆ ಹೋಗ್ಬಿಡ್ತಿದ್ದೆ" ಎಂದಳು. ಫೋನನ್ನು ತನ್ನ ಬಳಿಯೇ ಇಟ್ಟುಕೊಂಡು, ಸೀರೆ ಕೈಗಿತ್ತು, ಬಸ್ಸು ಹತ್ತಿಸಿದಳು.

ಭಾವ ನಿವೃತ್ತ ಮೇಷ್ಟ್ರು. ಅವರ ಮನೆಯಲ್ಲಿ ಗಡಿಯಾರದ ಸದ್ದೂ ಕೇಳುತ್ತದೆ. ಹೊಸ್ತಿಲಲ್ಲಿ ನಿಂತು ವಿನಯದಿಂದ, "ಅಕ್ಕಾ, ನಾನು ಕೂಗಾಡ್ಲೇ ಇಲ್ಲ ಕಣಕ್ಕ" ಎಂದೆ. ಎದುರು ಮನೆಯವರು ಬಾಗಿಲು ತೆರೆದರು. ಅವರ ನಾಯಿ ಒಳಗೆ ಓಡಿತು.

ಅತ್ತು ಕೆಂಪಾಗಿದ್ದ ಕಣ್ಣು ಒರೆಸಿಕೊಳ್ಳುತ್ತಲೇ ಅಕ್ಕ ನಗತೊಡಗಿದಳು. "ನಮ್ಮಪ್ಪನೂ ಹಿಂಗೇ ಮಾತಾಡ್ತಿದ್ರು. ಈ ಮನೇಗ್ ಬಂದು ಮರ್ತೇಬಿಟ್ಟಿದ್ದೆ ಕಣೋ."

ಸೋದರಮಾವನ ಪದವಿ ನನಗೆ ಮರಳಿ ಸಿಕ್ಕಿತು, ಒಂದು ಷರತ್ತಿನ ಮೇಲೆ. ಧಾರೆ ಮುಗಿಯುವವರೆಗೂ ನಾನು ಬಾಯಿ ಬಿಡುವಂತಿಲ್ಲ.

ಬಿಡಲಿಲ್ಲ. ಆದರೆ ಮಂಟಪದ ಮೆಟ್ಟಿಲ ಬಳಿ ಸುಮಾ ಹೆಜ್ಜೆ ಎತ್ತಿಡದೆ ನನ್ನ ತೋಳು ಹಿಡಿದುಕೊಂಡಳು. ನನ್ನ ಕರುಳು ತಡೆಯಲಿಲ್ಲ. ಯಾರಿಗೂ ಕೇಳದಷ್ಟು ಮೆಲ್ಲಗೆ, ಅವಳ ಕಿವಿಯಲ್ಲಿ, "ಹೆದರ್ಬೇಡ ಕಣವ್ವ, ಮಾವ ಇದೀನಿ" ಎಂದೆ.

ವಾಲಗ ನಿಂತುಹೋಯಿತು. ಕೆಳಗೆ ಊಟದ ಹಾಲ್‌ನಲ್ಲಿ ಮೊದಲ ಪಂಕ್ತಿಯವರು ಹೆದರಿ, ಎಲೆ ಬಿಟ್ಟು ಎದ್ದು ನಿಂತರಂತೆ.