ನಮ್ಮ ಬೀದಿಯ ಡಬ್ಬಗಳನ್ನು ಮುಟ್ಟದೆ ಹೋದ ಕೈಗೆ

ಮಾನ್ಯರೇ,

ಗುರುವಾರ ಬೆಳಗಿನ ಕಸದ ಲಾರಿಯ ಎಡಮಗ್ಗುಲಲ್ಲಿ ಮಡಚಿಕೊಂಡು ಬರುವ, ಡಬ್ಬದ ಕುತ್ತಿಗೆಯನ್ನು ಎರಡೇ ಬೆರಳಲ್ಲಿ ಹಿಡಿದು ಆಕಾಶಕ್ಕೆತ್ತಿ ತಲೆಕೆಳಗು ಮಾಡುವ ಕಬ್ಬಿಣದ ಕೈಯವರಾದ ತಮ್ಮ ಸನ್ನಿಧಾನಕ್ಕೆ, ಮೆಲ್ಬರ್ನ್ ನಗರದ ಉತ್ತರದ ಅಂಚಿನ ಡ್ರೋವರ್ಸ್ ರೆಸ್ಟ್ ಎಂಬ ಹಳ್ಳಿಯ, ಸ್ಯಾಡ್ಲರ್ ಬೀದಿಯ ಟೀಗನ್ ಲಾಕ್ಯರ್ ಎಂಬ ನಾನು, ಒಂದು ಕೈಯಲ್ಲಿ ಮಗುವನ್ನು ಎತ್ತಿಕೊಂಡು ಇನ್ನೊಂದು ಕೈಯಲ್ಲಿ ಬರೆದು ಸಲ್ಲಿಸುವ ವಂದನೆಗಳು. ಎಣ್ಣೆ, ಗ್ರೀಸು ಹೊತ್ತುಹೊತ್ತಿಗೆ ಸಿಕ್ಕಿ ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಾವೂ ಇಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ. ಆದರೆ ನಡುಬೇಸಿಗೆಯ ಜನವರಿಯ ಈ ಬಿಸಿಲಲ್ಲಿ ನಮ್ಮ ಬೀದಿಯ ಗಾಳಿ ಒಂದು ಸಲ ತಮ್ಮ ಕಡೆಗೆ ಬೀಸಿದರೆ ಆ ಮಾತನ್ನು ತಾವೇ ಹೊಡೆದುಹಾಕುವಿರಿ.

ತಾವು ಕಬ್ಬಿಣದವರು, ನಾನು ರಕ್ತಮಾಂಸದವಳು ಎಂಬುದೊಂದನ್ನು ಬಿಟ್ಟರೆ ನಮ್ಮಿಬ್ಬರ ಬದುಕು ಒಂದೇ ಎಂದು ಹೇಳಿಕೊಳ್ಳುವ ಸಲಿಗೆಯನ್ನು ಕ್ಷಮಿಸಬೇಕು. ಮಗಳು ಮೇಬಲ್ ಹುಟ್ಟಿದಂದಿನಿಂದ ಕೆಲಸಕ್ಕೆಂದು ನನಗೂ ಉಳಿದಿರುವುದು ಒಂದೇ ಕೈ. ಆ ಕೈಯಲ್ಲೇ ಬ್ರೆಡ್ಡಿಗೆ ಬೆಣ್ಣೆ ಸವರುತ್ತೇನೆ, ಬಟ್ಟೆ ಒಣಹಾಕುತ್ತೇನೆ, ಮಗು ಎಷ್ಟು ಹೊತ್ತು ಮಲಗಬೇಕೆಂದು ಫೋನಿನಲ್ಲಿ ಹುಡುಕುತ್ತೇನೆ, ಸಿಕ್ಕಿದ್ದನ್ನು ಓದಿ ಹೆದರುತ್ತೇನೆ. ತಾವಾದರೋ ಎತ್ತಿದ್ದನ್ನು ಒಂದೇ ಗಳಿಗೆಯಲ್ಲಿ ಕೊಡವಿ, ದಡಾರನೆ ರಸ್ತೆಗೆ ಇಳಿಸಿ, ತಿರುಗಿಯೂ ನೋಡದೆ ಮುಂದಿನ ಮನೆಗೆ ಹೋಗುತ್ತೀರಿ. ನನಗೂ ಹಾಗೆ ಇಳಿಸಿ ಹೋಗುವಂತಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದ್ದುಂಟು. ಇದನ್ನು ಶಿಶು ಆರೋಗ್ಯ ನರ್ಸಿಗೆ ದಯವಿಟ್ಟು ಹೇಳಬೇಡಿ.

ಹಳ್ಳಿ ಎಂದೆನಲ್ಲ, ಅದು ಬಾಯಿರೂಢಿ. ಊರ ಬಾಗಿಲಿನ ಫಲಕದಲ್ಲಿ ಇನ್ನೂ ಹಾಗೆಯೇ ಬರೆದಿದೆ; ಅದರ ಹಿಂದೆಯೇ, ಮನೆ ಕಟ್ಟಿ ಮಾರುವವರು ನಿಲ್ಲಿಸಿದ ನಾಲ್ಕು ಪಟ್ಟು ದೊಡ್ಡ ಫಲಕದಲ್ಲಿ 'ಹಳ್ಳಿಯ ನೆಮ್ಮದಿ, ನಗರದ ಸೌಕರ್ಯ' ಎಂದೂ ಬರೆದಿದೆ. ನಾನು ಕಾಲೇಜಿನಲ್ಲಿ ಓದಿದ್ದು ನಗರ ಯೋಜನೆ; ಅಷ್ಟು ಓದಿಯೂ ಆ ಫಲಕವನ್ನು ನಂಬಿ ಬಂದವಳು. ನೆಮ್ಮದಿಯ ಬಾಬ್ತು ಗಂಟೆಗೊಂದು ಬಸ್ಸು ಸಿಕ್ಕಿತು, ಅದೂ ಅದಕ್ಕೆ ಮನಸ್ಸಿದ್ದರೆ. ಸೌಕರ್ಯದ ಬಾಬ್ತು, ಕುದುರೆಗಳು ಮೇಯುತ್ತಿದ್ದ ಬಯಲಿನ ನಡುವೆ ಒಂದರ ಬೆನ್ನಿಗೊಂದು ರಸ್ತೆ ವೃತ್ತಗಳು ಸಿಕ್ಕಿದವು, ಯಾವುದರಲ್ಲಿ ಸುತ್ತಿದರೂ ಮತ್ತೆ ಅದೇ ಫಲಕದ ಮುಂದೆ ಬಂದು ನಿಲ್ಲಬಹುದು. ಊರು ಬರೀ ಹಳ್ಳಿಯಾಗಿದ್ದಷ್ಟು ಕಾಲ ಕೆಂಪು ಮುಚ್ಚಳದ ಡಬ್ಬವನ್ನು ವಾರವಾರವೂ ಎತ್ತುತ್ತಿದ್ದರಂತೆ. ನಗರದ ಅಂಚೆಂದು ನಮಗೆ ಬಡ್ತಿ ಕೊಟ್ಟ ಮೇಲೆ ಒಂದು ಗುರುವಾರ ಕೆಂಪು, ಇನ್ನೊಂದು ಗುರುವಾರ ಹಳದಿ. ಕಾಗದ, ಬಾಟಲಿ ಹಳದಿಗೆ. ಅಡುಗೆಮನೆಯ ಕೊಳೆ, ಮೇಬಲ್ ದಿನವಿಡೀ ಉದಾರವಾಗಿ ದಯಪಾಲಿಸುವ ಡೈಪರುಗಳು ಕೆಂಪಿಗೆ.

ಯಾವ ಗುರುವಾರ ಯಾವ ಬಣ್ಣವೆಂದು ತಿಳಿಸುವ ಕ್ಯಾಲೆಂಡರನ್ನು ಕೌನ್ಸಿಲ್ಲಿನವರು ಮನೆಮನೆಗೂ ಕಳಿಸಿದ್ದಾರೆ. ನಾವೂ ಅದನ್ನು ಭಕ್ತಿಯಿಂದ ಫ್ರಿಜ್ಜಿಗೆ ಅಂಟಿಸಿದ್ದೇವೆ. ಅದನ್ನು ಓದಿದವರನ್ನು ಮಾತ್ರ ನಾನು ಕಂಡಿಲ್ಲ. ಬುಧವಾರ ಸಂಜೆ ಎದುರುಮನೆಯ ನೋಲಾ ಪ್ರೆಂಟಿಸ್ ಅವರು ತಮ್ಮ ಡಬ್ಬವನ್ನು ಗಡಗಡ ಉರುಳಿಸಿಕೊಂಡು ಬಂದು ರಸ್ತೆಯಂಚಿಗೆ ನಿಲ್ಲಿಸುತ್ತಾರೆ, ಅದರ ಮುಚ್ಚಳ ಯಾವ ಬಣ್ಣವೋ ಸ್ವಲ್ಪ ಹೊತ್ತಿನಲ್ಲೇ ಇಡೀ ಬೀದಿಗೆ ಅದೇ ಬಣ್ಣ. ನೋಲಾ ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು, ಒಂದು ದಿನವೂ ತಪ್ಪು ತಿರುವು ತೆಗೆದುಕೊಂಡವರಲ್ಲವೆಂದು ಊರಿನ ನಂಬಿಕೆ. ಇಂಥವರೊಬ್ಬರು ಎದುರಿಗಿರುವಾಗ ಕ್ಯಾಲೆಂಡರು ಓದುವುದು ಅವರಿಗೆ ಅವಮಾನ ಮಾಡಿದಂತೆ ಎಂದು ನಾವೆಲ್ಲ ಭಾವಿಸಿದ್ದೆವು.

ಆ ನೋಲಾ, ಕ್ರಿಸ್‌ಮಸ್ಸಿನ ಮರುದಿನ ಪ್ರತಿವರ್ಷದ ಪದ್ಧತಿಯಂತೆ ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಸಮುದ್ರತೀರಕ್ಕೆ ಹೊರಟುಹೋದರು. ಮುಂದಿನ ಬುಧವಾರ ಸಂಜೆ, ನನ್ನ ಗಂಡ ಕ್ಯಾಲಮ್ ಇನ್ನೂ ಟ್ರಾಮ್ ಓಡಿಸುತ್ತಿದ್ದ ಹೊತ್ತಿನಲ್ಲಿ, ಮೇಬಲ್ ಯಾಕೋ ಅಳು ನಿಲ್ಲಿಸಿ ಉಸಿರೆಳೆದುಕೊಳ್ಳುತ್ತಿದ್ದಳು. ಸಿಕ್ಕಿದ ಬಿಡುವಿನಲ್ಲಿ ಒಂದು ಕೆಲಸವಾದರೂ ಮುಗಿಯಲಿ ಎಂದು ಹೊರಗೆ ಓಡಿ, ಕೈಗೆ ಮೊದಲು ತಗುಲಿದ ಡಬ್ಬವನ್ನು ಎಳೆದು ನಿಲ್ಲಿಸಿ ಬಂದೆ. ಅದು ಹಳದಿ. ಬರಬೇಕಾಗಿದ್ದದ್ದು ಕೆಂಪು. ನಿದ್ದೆಗೆಟ್ಟ ಕಣ್ಣಿಗೆ ಎರಡೂ ಒಂದೇ ಥರ ಮಂಜಾಗಿ ಕಂಡವು ಎಂದಷ್ಟೇ ನನ್ನ ಪರವಾಗಿ ಹೇಳಬಲ್ಲೆ. ಆದರೆ ಮಾನ್ಯರೇ, ಮಗುವಿಗೆ ಹಾಲು ಕುಡಿಸಿ ಕಿಟಕಿಗೆ ಬಂದು ನೋಡುತ್ತೇನೆ, ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಸೂರ್ಯಕಾಂತಿಯ ಹೊಲದಂತೆ ಹಳದಿ! ಈ ಮನೆಯಲ್ಲಿ ಯಾವ ಹೊತ್ತಿನಲ್ಲೂ ದೀಪ ಉರಿಯುತ್ತಿರುತ್ತದೆ, ಎಚ್ಚರವಾಗಿರುವವರಿಗೆ ಎಲ್ಲವೂ ಗೊತ್ತಿರುತ್ತದೆ ಎಂದು ನೆರೆಹೊರೆಯವರು ತೀರ್ಮಾನಿಸಿದ್ದರಂತೆ. ಎಲ್ಲರೂ ಅದನ್ನೇ ಇಟ್ಟಿದ್ದಾರಲ್ಲ, ಸದ್ಯ ಸರಿಯಾದದ್ದನ್ನೇ ಇಟ್ಟೆ ಎಂದು ನಾನೂ ಅವರನ್ನು ನೋಡಿ ನಿಟ್ಟುಸಿರು ಬಿಟ್ಟೆ.

ಮರುದಿನ ಬೆಳಿಗ್ಗೆ ತಾವು ಬಂದಿರಿ. ಅಷ್ಟು ಹಳದಿ ಮುಚ್ಚಳಗಳ ಮುಂದೆ ಒಂದು ಬೆರಳನ್ನೂ ಅಲುಗಿಸದೆ, ಎದೆಗೆ ಮಡಚಿಕೊಂಡ ಕೈ ಮಡಚಿಕೊಂಡೇ ಸಾಗಿಬಿಟ್ಟ ತಮ್ಮ ನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ಒಳಚಡ್ಡಿ, ಬನಿಯನ್ನಿನಲ್ಲೇ ತಮ್ಮ ಹಿಂದೆ ಓಡಿದ ಮನುಷ್ಯ ನಮ್ಮ ಪಕ್ಕದ ಮನೆಯ ಪ್ಲಂಬರ್ ಗ್ಯಾವ್. "ಓಯ್! ನಿಲ್ಸೋ ಮಾರಾಯ! ಸಿಗಡಿ ಐತೆ ಕಣೋ, ಸಿಗಡಿ!" ಎಂದು ಆತ ಕೂಗಿದ್ದು ತಮಗೆ ಕೇಳಿಸಿರಲಾರದು. ಕ್ರಿಸ್‌ಮಸ್ಸಿಗೆ ತಿಂದ ಸಿಗಡಿಯ ತಲೆ, ಸಿಪ್ಪೆಗಳನ್ನು ನಾವು ಯಾರೂ ಕೂಡಲೇ ಡಬ್ಬಕ್ಕೆ ಹಾಕುವುದಿಲ್ಲ. ಕಾಗದದಲ್ಲಿ ಸುತ್ತಿ ಫ್ರೀಜರಿನಲ್ಲಿಟ್ಟು, ಕೆಂಪಿನ ಹಿಂದಿನ ಸಂಜೆ ಮಾತ್ರ ಹೊರತೆಗೆಯುತ್ತೇವೆ. ಈ ಸಲ ಫ್ರೀಜರು ತುಂಬಿ ಐಸ್‌ಕ್ರೀಮಿಗೆ ಜಾಗವಿಲ್ಲದೆ ಮನೆಮನೆಯಲ್ಲೂ ಮಕ್ಕಳು ಕಾಯುತ್ತಿದ್ದರು.

ಯಾರೂ ಬೈಯಲಿಲ್ಲ. ಬೈದಿದ್ದರೆ ಒಂದು ಸಲ ಅತ್ತು ಹಗುರಾಗುತ್ತಿದ್ದೆ. ಗ್ಯಾವ್ ಬೇಲಿಯ ಮೇಲೆ ಮೊಣಕೈಯೂರಿ, "ಏನಮ್ಮ ಟೀಗನ್, ಯೂನಿವರ್ಸಿಟೀಲಿ ಬಣ್ಣದ ಪಾಠ ನಡೆದ ದಿನ ರಜಾ ಹಾಕಿದ್ಯಾ?" ಎಂದ. ಅವನ ಹೆಂಡತಿ ಲೀನ್ ಅವನ ಬೆನ್ನಿಗೊಂದು ಕೊಟ್ಟು, "ನೀನು ಮುಚ್ಕೊಂಡಿರು, ಅವಳನ್ನ ನೋಡಿ ಇಟ್ಟೋನು ನೀನು, ನಿನ್ ಕಣ್ಣೇನು ಸಿಗಡಿ ಜೊತೆ ಫ್ರೀಜರಲ್ಲಿತ್ತಾ? ನೀನು ಬಾರೇ ಚಿನ್ನ, ನಿದ್ದೆ ಮಾಡಿ ಎಷ್ಟು ಕಾಲ ಆಯ್ತೇ?" ಎಂದಳು. ನಾನು ಮಗುವನ್ನು ಎತ್ತಿಕೊಂಡು ಒಳಗೆ ಬಂದೆ. ಮಗುವಿನ ತೂಕ ಸಾಲದೆಂದು ನರ್ಸ್ ಬರೆದುಕೊಂಡಿದ್ದಾಳೆ, ಮಲಗಿಸುವುದು ನನಗೆ ಬರುವುದಿಲ್ಲ, ಅಳುವಿನಲ್ಲಿ ಹಸಿವು ಯಾವುದು ಹೊಟ್ಟೆನೋವು ಯಾವುದು ತಿಳಿಯುವುದಿಲ್ಲ, ಈಗ ಇಡೀ ಬೀದಿಯ ಕಣ್ಣೆದುರೇ ಒಂದು ಡಬ್ಬದ ಬಣ್ಣವೂ ಗೊತ್ತಾಗಲಿಲ್ಲ. ತಾವು ಕೈ ಚಾಚದೆ ಹೋದದ್ದು ನನಗೆ ಅಂಕಪಟ್ಟಿಯಂತೆ ಕಂಡಿತು.

ಕೌನ್ಸಿಲ್ಲಿಗೆ ಫೋನು ಮಾಡಿದೆ. ಜೇನಿನಂಥ ದನಿಯ ಹುಡುಗಿಯೊಬ್ಬಳು, "ಲಾರಿ ಕ್ಯಾಮೆರಾದಲ್ಲಿ ನಿಮ್ಮ ಕೆಂಪು ಡಬ್ಬ ಕಾಣಿಸ್ತಾ ಇಲ್ವಲ್ಲ ಮೇಡಂ" ಎಂದಳು. ಡೈಪರಿಗಾಗಿ ಇನ್ನೊಂದು ಡಬ್ಬ ಬೇಕಿದ್ದರೆ ಅರ್ಜಿ ಹಾಕಬಹುದಂತೆ, ಅದು ಮಂಜೂರಾಗುವ ಹೊತ್ತಿಗೆ ಮೇಬಲ್ ತನ್ನ ಅರ್ಜಿಯನ್ನು ತಾನೇ ಬರೆಯಬಲ್ಲಳು. ಫೋನು ಇಡುವ ಮುನ್ನ ಆಕೆ ಇನ್ನೊಂದು ಮಾತು ಸೇರಿಸಿದಳು: ಮುಚ್ಚಳ ಪೂರ್ತಿ ಮುಚ್ಚಿಕೊಳ್ಳದ ಡಬ್ಬವನ್ನು ತಾವು ಎತ್ತುವುದಿಲ್ಲವಂತೆ.

ಮಾನ್ಯರೇ, ಇಡೀ ಪತ್ರದ ಹೂರಣ ಇಷ್ಟೇ. ನಡುವಿನ ಹಳದಿ ಗುರುವಾರ ಕಳೆದು ನಾಳೆ ಕೆಂಪು. ಒಂದು ಸರದಿ ತಪ್ಪಿ ಉಬ್ಬಿಹೋದ ನಮ್ಮ ಡಬ್ಬದ ಮುಚ್ಚಳ ಗೇಣುದ್ದ ಮೇಲಕ್ಕೆ ನಿಂತಿದೆ. ಕ್ಯಾಲಮ್ ಅದರ ಮೇಲೆ ಹತ್ತಿ ಕುಳಿತರೂ, ಇಳಿದ ಕೂಡಲೇ ಅದು ನಿದ್ದೆಯಿಂದೆದ್ದ ಮಗುವಿನಂತೆ ಬಾಯಿ ತೆರೆಯುತ್ತದೆ. ನಾಳೆಯೂ ತಾವು ಕೈ ಮಡಚಿಕೊಂಡು ಹೋದರೆ ಮುಂದಿನ ಡೈಪರುಗಳನ್ನು ಮಲಗುವ ಕೋಣೆಯಲ್ಲಿ ಜೋಡಿಸಿಟ್ಟುಕೊಳ್ಳುವುದೊಂದೇ ದಾರಿ. ಹೇಗೂ ಅಲ್ಲಿ ಯಾರೂ ಮಲಗುತ್ತಿಲ್ಲ.

ಇವತ್ತು ಮಧ್ಯಾಹ್ನ ತಡೆಯಲಾರದೆ ನೋಲಾ ಅವರಿಗೆ ಫೋನು ಮಾಡಿದೆ. ಹಿಂದಿನಿಂದ ಅಲೆಗಳ ಸದ್ದು ಬರುತ್ತಿತ್ತು. "ಅಯ್ಯೋ ಹುಚ್ಚಿ, ಇದಕ್ಯಾರಾದ್ರೂ ಅಳ್ತಾರೇನೇ? ನನ್ ಡಬ್ಬ ಖಾಲಿ ಬಿದ್ದಿದೆ, ಹೆಚ್ಚಾದದ್ದನ್ನ ಅದಕ್ಕೆ ಸುರಿ" ಎಂದರು. ಡೈಪರಿನ ಚೀಲ ಹಿಡಿದು ರಸ್ತೆ ದಾಟಿ, ಅವರ ಗ್ಯಾರೇಜಿನ ಮಗ್ಗುಲಲ್ಲಿದ್ದ ಕೆಂಪು ಡಬ್ಬದ ಮುಚ್ಚಳ ಎತ್ತಿದೆ. ಕಂಠಮಟ್ಟ ಸಿಗಡಿ! ಒಂದೊಂದು ಮನೆಯದು ಒಂದೊಂದು ಥರದ ಕಾಗದದಲ್ಲಿ. ಬೀದಿಯಲ್ಲಿ ಸಂಭಾವಿತರೆನಿಸಿಕೊಂಡವರೆಲ್ಲ ಒಬ್ಬರಿಗೊಬ್ಬರು ಕಾಣದಂತೆ ಬಂದು, ನೋಲಾ ಊರಲ್ಲಿಲ್ಲದ್ದನ್ನು ಸದುಪಯೋಗ ಮಾಡಿಕೊಂಡಿದ್ದರು. ಬಿಸಿಲಿಗೆ ಕರಗಿದ ಆ ವಾಸನೆಯ ಮುಂದೆ ನನ್ನ ಮಗಳ ಡೈಪರುಗಳು ಮಲ್ಲಿಗೆ. ಮುಚ್ಚಳ ಹಾಕಿ ಮತ್ತೆ ಫೋನು ಮಾಡಿ, ಅವರು ನಕ್ಕು ಮುಗಿಸುವವರೆಗೆ ಕಾದು, ಇಷ್ಟು ವರ್ಷ ಒಂದು ಸಲವೂ ತಪ್ಪದಂತೆ ಬಣ್ಣವನ್ನು ಹೇಗೆ ನೆನಪಿಟ್ಟಿರಿ ಎಂದು ಕೇಳಿದೆ.

"ನೆನಪಾ? ನನಗಾ? ಆ ಕ್ಯಾಲೆಂಡರಿನ ಅಕ್ಷರ ನನ್ ಕಣ್ಣಿಗೆಲ್ಲಿ ಕಾಣುತ್ತೆ! ಹಿಂದಿನ ಬೀದಿ ವಿನ್ಸ್ ಇದ್ದಾನಲ್ಲ, ಅವನು ಏನಿಡ್ತಾನೆ ಅಂತ ಬಾತ್‌ರೂಮ್ ಕಿಟಕೀಲಿ ಇಣುಕಿ ನೋಡ್ತೀನಿ, ಅದನ್ನೇ ತಂದು ಇಡ್ತೀನಿ. ಅವನು ಯಾರನ್ನ ನೋಡ್ತಾನೋ ನಾನು ಕೇಳೋಕೆ ಹೋಗಿಲ್ಲ."

ನಾನು ಗೋಡೆಗೆ ಒರಗಿ ಕುಳಿತುಬಿಟ್ಟೆ. ಹಾಗಾದರೆ ನಿಮ್ಮ ನಾಲ್ಕು ಮಕ್ಕಳನ್ನು ಹೇಗೆ ಬೆಳೆಸಿದಿರಿ ನೋಲಾ, ಎಂದು ಕೇಳಿದ್ದು ಯಾಕೋ ತಿಳಿಯದು. "ಹಾಗೇನೇ! ಪಕ್ಕದ ಮನೆಯೋಳು ಏನ್ಮಾಡ್ತಾಳೆ ಅಂತ ನೋಡ್ದೆ, ಅದನ್ನೇ ಮಾಡ್ದೆ. ಅವಳೂ ನನ್ನನ್ನೇ ನೋಡ್ತಿದ್ಲು ಅಂತ ಆಮೇಲೆ ಗೊತ್ತಾಯ್ತು. ಮೂರು ಚೆನ್ನಾಗೇ ಬಂದ್ವು. ಎರಡನೇದು ಸ್ವಲ್ಪ ಎಡವಟ್ಟಾಯ್ತು, ಊರ ಮುಂದೆ ಆ ದೊಡ್ಡ ಬೋರ್ಡ್ ಹಾಕಿಸಿದೋನು ಅವನೇ" ಎಂದರು. ಎಷ್ಟೋ ವಾರಗಳ ಮೇಲೆ ನಾನು ಸದ್ದು ಮಾಡಿ ನಕ್ಕೆ. ಮೇಬಲ್ ಬೆಚ್ಚಿ ನನ್ನ ಮುಖ ನೋಡಿ, ಇದು ಯಾವ ಹೊಸ ಸದ್ದು ಎಂದು ಯೋಚಿಸುತ್ತ ಯೋಚಿಸುತ್ತಲೇ ಭುಜದ ಮೇಲೆ ನಿದ್ದೆಹೋದಳು.

ಫ್ರಿಜ್ಜಿನ ಮೇಲಿನ ಕ್ಯಾಲೆಂಡರನ್ನು ಈಗ ನಾನೇ ಓದಿದ್ದೇನೆ, ಎರಡು ಸಲ. ಸಂಜೆ ಕೆಂಪು ಡಬ್ಬವನ್ನು ಉರುಳಿಸಿಕೊಂಡು ಹೋಗಿ ನಿಲ್ಲಿಸಿದೆ. ಬೀದಿಯ ಪರದೆಗಳೆಲ್ಲ ಒಮ್ಮೆ ಅಲುಗಿದವು. ಆಮೇಲೆ ಗ್ಯಾವ್ ಬಾಗಿಲು ತೆರೆದು, "ಗ್ಯಾರಂಟಿನಾ?" ಎಂದ. "ಗ್ಯಾರಂಟಿ" ಎಂದೆ. ಅವನ ಹಿಂದೆ ಒಂದೊಂದಾಗಿ ಕೆಂಪು ಡಬ್ಬಗಳು ಇಳಿದುಬಂದವು, ಎಲ್ಲದರ ಬಾಯಿಯೂ ಗೇಣುದ್ದ ತೆರೆದೇ. ನೋಲಾ ಅವರದ್ದನ್ನು ಎಳೆದು ತರಲು ಮೂವರು ಬೇಕಾಯಿತು. ಮೂವರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಇಷ್ಟೊಂದು ಸಿಗಡಿಯನ್ನು ಯಾವ ನಾಚಿಕೆಗೆಟ್ಟವರು ಇದಕ್ಕೆ ತುಂಬಿದರೋ ಎಂದು ಪರಸ್ಪರ ಮರುಗಿದರು.

ಆದಕಾರಣ ನನ್ನ ಬಿನ್ನಹವೇನೆಂದರೆ, ತಾವು ನಾಳೆ ಒಂದು ದಿನದ ಮಟ್ಟಿಗೆ ನಿಯಮವನ್ನು ಮರೆತು, ತೆರೆದ ಮುಚ್ಚಳಗಳನ್ನು ತಮ್ಮನ್ನು ಕಂಡು ಟೋಪಿ ಎತ್ತಿದ ಗೌರವವೆಂದು ತಿಳಿದುಕೊಳ್ಳಬೇಕು. ಸಾಧ್ಯವಿದ್ದರೆ ಬಣ್ಣ ತಪ್ಪಿದ ಮನೆಯ ಮುಂದೆ ಬೆರಳಾಡಿಸಿ ಎಚ್ಚರಿಸುವುದನ್ನು ಕಲಿಯಬೇಕು. ಇನ್ನೂ ಸಾಧ್ಯವಿದ್ದರೆ, ನಮ್ಮ ಡಬ್ಬವನ್ನು ಇಳಿಸಿದ ಮೇಲೆ ಅರೆಗಳಿಗೆ ನಿಂತು, ನಾನು ಕಾಫಿ ಕುಡಿದು ಮುಗಿಸುವವರೆಗೆ ಮಗುವನ್ನು ಹಿಡಿದುಕೊಳ್ಳಬೇಕು. ಕೊಡವಬಾರದು.

ಸದ್ದಿಲ್ಲದೆ ಬನ್ನಿ, ಮಗು ಮಲಗಿದೆ ಎಂದೂ ಬೇಡಿಕೊಳ್ಳಬೇಕೆಂದಿದ್ದೆ. ಬರೆದು, ಹೊಡೆದುಹಾಕಿದ್ದೇನೆ. ಎಷ್ಟು ಬೇಕೋ ಅಷ್ಟು ಸದ್ದು ಮಾಡಿಕೊಂಡೇ ಬನ್ನಿ. ಡಬ್ಬ ಖಾಲಿಯಾಗುವ ಸದ್ದಿಗೆ ನಾವಿಬ್ಬರೂ ಎಚ್ಚರಾಗುತ್ತೇವೆ. ಎಚ್ಚರಾಗಬೇಕಾದರೆ ಮೊದಲು ಮಲಗಿರಬೇಕಲ್ಲ, ಆ ಕೆಲಸಕ್ಕೆ ಈಗ ಹೊರಟಿದ್ದೇನೆ.

ಎತ್ತಿದರೂ ಎತ್ತದಿದ್ದರೂ,
ತಮ್ಮ ವಿಶ್ವಾಸಿ,
ಟೀಗನ್ ಲಾಕ್ಯರ್

ತಾಜಾಕಲಂ: ಈ ಪತ್ರವನ್ನು ಮುಚ್ಚಳಕ್ಕೆ ಅಂಟಿಸಲು ಹೊರಬಂದಾಗ ಕಂಡದ್ದು: ಹೊಸ ಬಡಾವಣೆಯಿಂದ ಮೊನ್ನೆ ತಾನೇ ಮೂಲೆಮನೆಗೆ ಬಂದಿರುವ ದಂಪತಿ, ಇಬ್ಬರೂ ಕೌನ್ಸಿಲ್ಲಿನ ಉದ್ಯೋಗಿಗಳು, ಅತ್ಯಂತ ಆತ್ಮವಿಶ್ವಾಸದಿಂದ ತೋಟದ ಹುಲ್ಲಿಗೆಂದೇ ಇರುವ ಮೂರನೆಯ, ಹಸಿರು ಮುಚ್ಚಳದ ಡಬ್ಬವನ್ನು ತಂದು ನಿಲ್ಲಿಸಿದ್ದಾರೆ, ಗ್ಯಾವ್ ಅದನ್ನು ನೋಡುತ್ತ ತನ್ನ ಕೆಂಪನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಾನೆ. ನಾನು ರಾತ್ರಿಯ ಅಂಗಿಯಲ್ಲೇ ಅವನನ್ನು ತಡೆಯಲು ಹೋಗುತ್ತಿದ್ದೇನೆ. ತಮ್ಮ ಕ್ಯಾಲೆಂಡರನ್ನು ಓದಿದವರು ಈ ಬೀದಿಯಲ್ಲಿ ಸದ್ಯಕ್ಕೆ ನಾನೊಬ್ಬಳೇ, ಅದನ್ನು ಅಚ್ಚುಹಾಕಿದವರನ್ನೂ ಸೇರಿಸಿ.